ಕ್ರೀಡಾಕೂಟದ ಜಾಗ ಯಾರ ಅನುಕೂಲಕ್ಕೆ?

ವರ್ಷವರ್ಷವೂ ಮಳೆಗಾಲದ ನಡುವೆ, ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ, ನಮ್ಮ ಸೀಮೆಯ ಹೈಸ್ಕೂಲು ಮಕ್ಕಳ ಕ್ರೀಡಾಕೂಟಗಳು ನಡೆಯುತ್ತವೆ. ಗೆದ್ದವರ ಫೋಟೋ ಪತ್ರಿಕೆಗಳಲ್ಲಿ ಬರುತ್ತದೆ, ಉದ್ಘಾಟಿಸಿದವರ ಫೋಟೋ ಅದಕ್ಕಿಂತ ದೊಡ್ಡದಾಗಿ ಬರುತ್ತದೆ. ಆದರೆ ಕೂಟಕ್ಕೂ ಮುಂಚೆ ಒಂದು ಸಭೆ ಸೇರುತ್ತದೆ. ಅದರ ಫೋಟೋ ಎಲ್ಲೂ ಬರುವುದಿಲ್ಲ. ಈ ವರ್ಷ ಕೂಟ ಯಾವ ಊರಿನಲ್ಲಿ, ಯಾವ ಶಾಲೆಯ ಮೈದಾನದಲ್ಲಿ ಎಂದು ತೀರ್ಮಾನವಾಗುವುದು ಆ ಸಭೆಯಲ್ಲಿ. ಯಾವ ಮಕ್ಕಳು ಓಡಬೇಕು, ಯಾವ ಮಕ್ಕಳು ಓಡದೆಯೇ ಮನೆಗೆ ಹೋಗಬೇಕು ಎಂಬುದೂ ಬಹುಮಟ್ಟಿಗೆ ಅಲ್ಲಿಯೇ ತೀರ್ಮಾನವಾಗಿ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಆ ಸಭೆಯ ಬಗ್ಗೆ ನಾಲ್ಕು ಮಾತು ಬರೆಯಬೇಕಾಗಿದೆ.

ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕಾಲಿದ್ದ ಮಕ್ಕಳು ಕನಕಗಿರಿ, ಹುಲಿಹೈದರ, ನವಲಿಯ ಸುತ್ತಲಿನ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ. ಕೊರತೆಯಾಗಿರುವುದು ಕಣ್ಣಿದ್ದ ಅಧಿಕಾರಿಗಳದು.

ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಓಡಲು ಯೋಗ್ಯವಾದ ನೆಲ ಎಲ್ಲಿದೆ ಎಂಬುದು. ಎರಡನೆಯದು, ದೂರದ ಹಳ್ಳಿಯ ಮಗು ಹೊತ್ತಿಗೆ ಸರಿಯಾಗಿ ಬಂದು ಹೊತ್ತು ಮುಳುಗುವ ಮುನ್ನ ಮನೆ ಸೇರಬಹುದಾದ ಊರು ಯಾವುದು ಎಂಬುದು. ಆದರೆ ವಾಸ್ತವವಾಗಿ ಕೇಳುವ ಮೊದಲ ಪ್ರಶ್ನೆ ಬೇರೆ. ಊಟದ ಜವಾಬ್ದಾರಿ ಯಾರು ವಹಿಸಿಕೊಳ್ಳುತ್ತಾರೆ? ಪೆಂಡಾಲು, ಮೈಕು, ಹಾರ, ಶಾಲು, ಸ್ಮರಣಿಕೆ, ನೂರಾರು ಮಕ್ಕಳಿಗೆ ಮಧ್ಯಾಹ್ನದ ಅನ್ನಸಾರು, ಇಷ್ಟಕ್ಕೂ ಇಲಾಖೆಯಿಂದ ಬರುವ ಹಣ ಎಷ್ಟರ ಮಟ್ಟಿಗೆ ಸಾಲುತ್ತದೆಂದು ಯಾವ ದೈಹಿಕ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಉಳಿದದ್ದಕ್ಕೆ ದಾನಿಗಳನ್ನು ಹುಡುಕಬೇಕು. ಹೆಡ್‌ಮಾಸ್ತರರು ಚೀಟಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತಬೇಕು. ಸರ್ಕಾರಿ ಕೂಟವನ್ನು ಭಿಕ್ಷೆಯಿಂದ ನಡೆಸಬೇಕಾದ ಈ ಸ್ಥಿತಿಗೆ ಹೆಡ್‌ಮಾಸ್ತರರು ಕಾರಣರಲ್ಲ. ಅವರನ್ನು ಬೈಯುವುದು ನನ್ನ ಉದ್ದೇಶವೂ ಅಲ್ಲ.

ಆದರೆ ಇದರ ಪರಿಣಾಮವನ್ನು ನೋಡಿರಿ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ನೀರು ಹಿಡಿದಂದಿನಿಂದ ಈ ಸೀಮೆ ಎರಡಾಗಿ ಒಡೆದಿದೆ. ಎಡದಂಡೆ ಕಾಲುವೆ ಹರಿದ ಕಡೆ, ಗಂಗಾವತಿ ಕಾರಟಗಿಗಳ ಕಡೆ, ಭತ್ತ, ರೈಸ್‌ಮಿಲ್ಲು, ಕಮಿಷನ್ ವ್ಯಾಪಾರ, ಕೈಯಲ್ಲಿ ಓಡಾಡುವ ರೊಕ್ಕ. ಕಾಲುವೆಯ ನೀರು ಹತ್ತದ ಕಡೆ ಸಜ್ಜೆ, ಜೋಳ, ತೊಗರಿ, ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ. ಊಟ ಹಾಕುವವರು ಯಾರು ಎಂಬುದೇ ಮೊದಲ ಪ್ರಶ್ನೆಯಾದರೆ ಅದಕ್ಕೆ ಉತ್ತರ ಕಾಲುವೆಯ ದಂಡೆಯಲ್ಲೇ ಸಿಗುತ್ತದೆ, ಒಣನೆಲದಲ್ಲಿ ಸಿಗುವುದಿಲ್ಲ. ಇಲ್ಲವೇ ದೊಡ್ಡ ಕಟ್ಟಡ ಕಟ್ಟಿಕೊಂಡ ಖಾಸಗಿ ವಿದ್ಯಾಸಂಸ್ಥೆಯ ಅಂಗಳದಲ್ಲಿ ಸಿಗುತ್ತದೆ. ಆ ಸಂಸ್ಥೆಗೆ ಅದೊಂದು ಪ್ರಚಾರ; ಮುಂದಿನ ಜೂನ್ ತಿಂಗಳ ಪ್ರವೇಶಕ್ಕೆ ಒಳ್ಳೆಯ ಜಾಹೀರಾತು. ಅನ್ನ ಎಲ್ಲಿದೆಯೋ ಅಲ್ಲಿಗೆ ಕೂಟ ಹೋಗುತ್ತದೆ, ಹಸಿದವರು ಅದರ ಹಿಂದೆ ನಡೆಯುತ್ತಾರೆ. ಈ ನಡಿಗೆಯಲ್ಲಿ ಎಷ್ಟು ಮಕ್ಕಳು ದಾರಿಯಲ್ಲೇ ಉಳಿದರು ಎಂಬ ಲೆಕ್ಕವನ್ನು ಯಾರೂ ಇಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಕೂಟದ ಅಂಚಿನಲ್ಲಿ ನಾನು ಬೆಳಗಿನಿಂದ ಸಂಜೆಯ ತನಕ ನಿಂತಿದ್ದೆ. ಊರಿನ ಹೆಸರು ಬೇಡ, ಅಲ್ಲಿಯ ಮಾಸ್ತರರು ತಮ್ಮ ಕೈಲಾದಷ್ಟನ್ನು ಮಾಡಿದ್ದರು. ಹತ್ತು ಗಂಟೆಗೆ ಪ್ರಾರಂಭ ಎಂದು ಅಚ್ಚು ಹಾಕಿಸಿದ್ದರು. ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಅಲ್ಲಿಯವರೆಗೆ ಮಕ್ಕಳು ಪಥಸಂಚಲನದ ಸಾಲಿನಲ್ಲಿ ಬಿಸಿಲಿಗೆ ನಿಂತಿದ್ದರು. ಸದೃಢ ದೇಹದಲ್ಲಿ ಸದೃಢ ಮನಸ್ಸು ಇರುತ್ತದೆ ಎಂದು ನಾಲ್ವರು ಭಾಷಣಕಾರರೂ ಹೇಳಿದರು. ನಾಲ್ವರಲ್ಲಿ ಮೂವರು ಭಾಷಣ ಮುಗಿದ ಕೂಡಲೇ ಕಾರು ಹತ್ತಿದರು.

ಹುಡುಗಿಯರ 400 ಮೀಟರಿನ ಮೊದಲ ಸುತ್ತು ಓಡಿಸಿದಾಗ ಮಧ್ಯಾಹ್ನ ಒಂದೂವರೆ ದಾಟಿತ್ತು. ಒಣಸೀಮೆಯ ಒಂದು ಹಳ್ಳಿಯಿಂದ ಬಂದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರಿಗಾಲಿನಲ್ಲಿ ಓಡಿದಳು. ಅವಳ ಶಾಲೆಯಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ. ಅವಳನ್ನು ಕರೆತಂದವರು ಗಣಿತದ ಮಾಸ್ತರರು. ಓಟ ಹೇಗೆ ಶುರು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೀಟಿ ಊದಿದ ಮೇಲೆ ಅಕ್ಕಪಕ್ಕ ನೋಡಿ ಓಡಿದಳು. ಆದರೂ ಎರಡನೆಯವಳಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ಬಂದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಂತಿಮ ಸುತ್ತು ನಾಲ್ಕು ಗಂಟೆಗೆ ಎಂದು ಮೈಕಿನಲ್ಲಿ ಸಾರಿದರು. ನಾಲ್ಕಕ್ಕೆ ಗುಂಡು ಎಸೆತ ಮುಗಿದಿರಲಿಲ್ಲ, ಆಮೇಲೆ ಒಂದು ಜಗಳ, ಆಮೇಲೆ ಸುಣ್ಣದ ಗೆರೆ ಅಳಿಸಿಹೋಗಿತ್ತೆಂದು ಮತ್ತೆ ಗೆರೆ. ಅಂತಿಮ ಸುತ್ತಿಗೆ ಹೆಸರು ಕರೆದಾಗ ಐದೂವರೆ. ಅವಳ ಹೆಸರನ್ನು ಮೂರು ಸಲ ಕರೆದರು. ಪಕ್ಕದ ಊರಿನ ಹುಡುಗನೊಬ್ಬ ಓಡಿಬಂದು, “ಆಕಿ ಬಸ್ಸಿಗೆ ಹೋದ್ಲ್ರಿ ಸರ. ಅದು ತಪ್ಪಿದ್ರ ಅವರೂರಿಗೆ ಮುಂದ ಬಸ್ಸಿಲ್ರಿ” ಅಂದ. ಗೈರುಹಾಜರು ಎಂದು ಬರೆದುಕೊಂಡು ಓಟ ನಡೆಸಿದರು. ಗೆದ್ದವಳೂ ಒಳ್ಳೆಯ ಓಟಗಾತಿಯೇ, ಅವಳದೇನೂ ತಪ್ಪಿಲ್ಲ. ಅವಳ ಮನೆ ಮೈದಾನದಿಂದ ಹತ್ತು ನಿಮಿಷದ ದಾರಿ.

ವಲಯದಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಜಿಲ್ಲೆಯಿಂದ ಕಲಬುರಗಿ ವಿಭಾಗ, ಅಲ್ಲಿಂದ ರಾಜ್ಯ, ಹೀಗಿದೆ ನಮ್ಮ ಮಕ್ಕಳ ಮೆಟ್ಟಿಲು. ಕೆಳಗಿನ ಮೆಟ್ಟಿಲಲ್ಲಿ ಗೈರುಹಾಜರಾದ ಮಗುವಿಗೆ ಮೇಲಿನ ಮೆಟ್ಟಿಲು ಇಲ್ಲ. ರಾಜ್ಯದ ತಂಡದಲ್ಲಿ ಕೊಪ್ಪಳ ಜಿಲ್ಲೆಯ ಮಕ್ಕಳು ಏಕೆ ಕಡಿಮೆ ಎಂದು ಬೆಂಗಳೂರಿನಲ್ಲಿ ಕುಳಿತು ಚರ್ಚಿಸುವವರು ಮೊದಲು ನಮ್ಮ ಬಸ್ ನಿಲ್ದಾಣಗಳ ವೇಳಾಪಟ್ಟಿಯನ್ನು ಓದಬೇಕು.

ಬಸ್ಸಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರು ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡಿಲ್ಲದೆ ಎಲ್ಲಿಗೆ ಬೇಕಾದರೂ ಹೋಗಬಹುದು. ಇದು ಒಳ್ಳೆಯ ಕೆಲಸ, ಒಳ್ಳೆಯದೆಂದೇ ಹೇಳಬೇಕು. ಆದರೆ ಹುಡುಗನ ಕೈಯಲ್ಲಿರುವ ವಿದ್ಯಾರ್ಥಿ ಪಾಸು ಅವನ ಊರಿನಿಂದ ಅವನ ಶಾಲೆಯ ತನಕ ಮಾತ್ರ. ಕೂಟ ಬೇರೆ ಊರಿನಲ್ಲಾದರೆ ಅವನು ದುಡ್ಡು ಕೊಡಬೇಕು. ಕನಕಗಿರಿಯಿಂದ ಗಂಗಾವತಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಕನಕಗಿರಿಗೆ ಬರುವುದಕ್ಕೇ ಇನ್ನೊಂದು ಬಸ್ಸು ಬೇಕಾದ ಹಳ್ಳಿಗಳು ಅದರಾಚೆ. ಕೂಲಿಗೆ ಹೋಗುವ ತಾಯಿಯ ಬಳಿ ಮಗ ಓಡುವುದಕ್ಕಾಗಿ ದುಡ್ಡು ಕೇಳುವುದಿಲ್ಲ. ಹೊಟ್ಟೆನೋವೆಂದು ಹೇಳಿ ಕೂಟ ತಪ್ಪಿಸುತ್ತಾನೆ. ಇನ್ನು ದುಡ್ಡು ಬೇಡದ ಹುಡುಗಿಗೆ ಬಸ್ಸೇ ಇಲ್ಲದಿದ್ದರೆ ಪುಕ್ಕಟೆ ಟಿಕೆಟ್ಟಿನಿಂದ ಏನು ಬಂತು? ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದವರು ಜಾತ್ರೆಗೆ ವಿಶೇಷ ಬಸ್ಸು ಬಿಡುತ್ತಾರೆ. ವರ್ಷದಲ್ಲಿ ಒಂದೆರಡು ದಿನ ಹೈಸ್ಕೂಲು ಮಕ್ಕಳಿಗಾಗಿ ಎರಡು ಬಸ್ಸು ಬಿಟ್ಟರೆ, ಅಥವಾ ಸಂಜೆಯ ಬಸ್ಸನ್ನು ಒಂದು ಗಂಟೆ ತಡೆದರೆ, ನಿಗಮವೇನೂ ಮುಳುಗುವುದಿಲ್ಲ.

ಈಗ ನೆಲದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮೈದಾನವೆಂದರೆ ಕಟ್ಟಡ ಕಟ್ಟಿ ಉಳಿದ ಜಾಗ ಎಂದು ಅರ್ಥವಾಗಿದೆ. 400 ಮೀಟರಿನ ಸರಿಯಾದ ಓಟದ ಪಥಕ್ಕೆ ಎರಡು ನೇರ ಬದಿಗಳು ತಲಾ 84.39 ಮೀಟರು, ತಿರುವುಗಳ ತ್ರಿಜ್ಯ 36.50 ಮೀಟರು, ಒಂದೊಂದು ಅಂಕಣದ ಅಗಲ 1.22 ಮೀಟರು. ಅಷ್ಟು ಜಾಗ ಎಷ್ಟು ಶಾಲೆಗಳಿಗಿದೆ? 200 ಮೀಟರಿನ ಸುತ್ತು ಹಾಕಿದರೂ ಅಡ್ಡಿಯಿಲ್ಲ ಎಂದುಕೊಳ್ಳೋಣ. ಹಾಗೆ ಮಾಡಿದಾಗ 3000 ಮೀಟರು ಓಡುವ ಹುಡುಗ ಹದಿನೈದು ಸುತ್ತು ಸುತ್ತಬೇಕು, ಪ್ರತಿ ಸುತ್ತಿಗೂ ಎರಡು ಇಕ್ಕಟ್ಟಿನ ತಿರುವು. ಎಣಿಸುವವರು ಒಂದು ಸುತ್ತು ತಪ್ಪಿದರೆಂದು ಎದ್ದ ಗಲಾಟೆಗಳನ್ನು ಕಂಡವರು ಬಹಳ ಮಂದಿ ಇದ್ದಾರೆ. ನೂರು ಮೀಟರು ಓಡುವುದಕ್ಕೆ ನೂರು ಮೀಟರು ಜಾಗ ಸಾಲದು. ಹಿಂದೆ ಮೂರು ಮೀಟರು, ಗೆರೆ ದಾಟಿದ ಮೇಲೆ ನಿಲ್ಲುವುದಕ್ಕೆ ಹದಿನೇಳು ಮೀಟರು ಬಿಡಬೇಕೆಂಬುದು ನಿಯಮ. ನಮ್ಮಲ್ಲಿ ಆ ಹದಿನೇಳು ಮೀಟರಿನಲ್ಲಿ ಕಾಂಪೌಂಡು ಗೋಡೆ ಇರುತ್ತದೆ. ಗೋಡೆಯ ಮುಂದೆ ನಾಲ್ಕು ಹುಡುಗರು ಕೈ ಚಾಚಿ ನಿಂತು ಓಡಿಬಂದವರನ್ನು ಹಿಡಿಯುತ್ತಾರೆ.

ಕೆಲವು ಕಡೆ ನೂರು ಮೀಟರೇ ನೂರು ಮೀಟರಾಗಿರುವುದಿಲ್ಲ. ಹೆಜ್ಜೆ ಹಾಕಿ ಅಳೆದ ನೂರು ಅದು. ತಪ್ಪು ಅಳತೆಯ ಮೇಲೆ ಒಳ್ಳೆಯ ವೇಳೆ ಬರೆಸಿಕೊಂಡ ಹುಡುಗ ಜಿಲ್ಲೆಗೆ ಹೋಗಿ ಐದನೆಯವನಾಗಿ ಅಳುತ್ತಾ ಬರುತ್ತಾನೆ. ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸಿನ ಒಲಿಂಪಿಕ್ಸಿನಲ್ಲಿ 400 ಮೀಟರು ಹರ್ಡಲ್ಸ್ ಕಂಚನ್ನು ಕಳೆದುಕೊಂಡದ್ದು ಸೆಕೆಂಡಿನ ನೂರನೆಯ ಒಂದು ಭಾಗದಿಂದ. ಅಂಥ ಆಟದಲ್ಲಿ ನಾವು ಮಕ್ಕಳಿಗೆ ನಾಲ್ಕು ಮೀಟರು ತಪ್ಪಿದ ನೆಲ ಕೊಡುತ್ತಿದ್ದೇವೆ.

ಮಣ್ಣನ್ನೂ ನೋಡಬೇಕು. ಮಸಾರಿ ನೆಲ, ಗರಸು ಹಾಕಿ ರೋಲರು ಓಡಿಸಿದ ನೆಲ, ಒಂದು ಮಳೆ ಬಿದ್ದರೂ ಮಾರನೆಯ ದಿನ ಓಡಲು ಬರುತ್ತದೆ. ಎರೆ ನೆಲದಲ್ಲಿ ಮಳೆ ಬಿದ್ದರೆ ಮೂರು ದಿನ ಕಾಲಿಡುವಂತಿಲ್ಲ, ಒಣಗಿದರೆ ಬಿರುಕು. ನಮ್ಮಲ್ಲಿ ಸೆಪ್ಟೆಂಬರ್ ಜೋರು ಮಳೆಯ ತಿಂಗಳು. ಕೂಟ ನಡೆಯುವುದೂ ಅದೇ ಆಸುಪಾಸಿನಲ್ಲಿ. ಇದನ್ನು ತಿಳಿಯಲು ಹವಾಮಾನ ಇಲಾಖೆಗೆ ಪತ್ರ ಬರೆಯಬೇಕಾಗಿಲ್ಲ, ಹೊಲದಲ್ಲಿರುವ ಯಾವ ರೈತನನ್ನಾದರೂ ಕೇಳಬಹುದು. ನೆಗ್ಗಿಲು ಮುಳ್ಳು, ಬಳ್ಳಾರಿ ಜಾಲಿಯ ಮುಳ್ಳು ಮಳೆಗಾಲದಲ್ಲಿ ಬಳಕೆಯಿಲ್ಲದ ಮೈದಾನವನ್ನೆಲ್ಲ ಆಕ್ರಮಿಸುತ್ತವೆ. ಕೂಟದ ಹಿಂದಿನ ದಿನ ಹುಡುಗರ ಕೈಯಿಂದ ಗುಡಿಸಿದರೆ ಅರ್ಧ ಹೋಗುತ್ತದೆ, ಉಳಿದರ್ಧ ಬರಿಗಾಲಿನ ಮಕ್ಕಳಿಗೆ ಹತ್ತುತ್ತದೆ. ಅಬೆಬೆ ಬಿಕಿಲಾ 1960ರಲ್ಲಿ ರೋಮಿನಲ್ಲಿ ಬರಿಗಾಲಿನಲ್ಲಿ ಮ್ಯಾರಥಾನ್ ಗೆದ್ದನೆಂದು ವೇದಿಕೆಯ ಮೇಲೆ ಕಥೆ ಹೇಳುವವರಿದ್ದಾರೆ. ರೋಮಿನ ರಸ್ತೆಯಲ್ಲಿ ನೆಗ್ಗಿಲು ಮುಳ್ಳು ಇರಲಿಲ್ಲ ಎಂಬುದನ್ನು ಅವರು ಹೇಳುವುದಿಲ್ಲ.

ಹಾಗೆಂದು ಊರೂರಿಗೂ ಸಿಂಥೆಟಿಕ್ ಟ್ರ್ಯಾಕ್ ಹಾಕಿಸಿರೆಂದು ಕೇಳುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಅಂಥ ಬೇಡಿಕೆಗಳು ಕಂತ್ರಾಟುದಾರರಿಗೆ ಬಹಳ ಪ್ರಿಯ. 1964ರ ಟೋಕಿಯೋ ಒಲಿಂಪಿಕ್ಸ್ ತನಕ ಜಗತ್ತಿನ ಶ್ರೇಷ್ಠ ಓಟಗಾರರೆಲ್ಲ ಕಿಟ್ಟದ ಬೂದಿ ಹಾಕಿದ ನೆಲದ ಮೇಲೆ ಓಡಿದವರೇ. ಸಿಂಥೆಟಿಕ್ ನೆಲ ಒಲಿಂಪಿಕ್ಸಿಗೆ ಬಂದದ್ದು 1968ರ ಮೆಕ್ಸಿಕೋದಲ್ಲಿ. ನಮ್ಮ ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಟೋಕಿಯೋದಲ್ಲಿ ಓಡಿದ್ದೂ ಆ ಬೂದಿ ನೆಲದ ಮೇಲೆಯೇ. ಆದ್ದರಿಂದ ಮಣ್ಣಿನ ಮೈದಾನದಿಂದ ನಮಗೆ ಅವಮಾನವಿಲ್ಲ. ಅದನ್ನು ಸಮತಟ್ಟು ಮಾಡದೆ, ಅಳೆಯದೆ, ಮುಳ್ಳು ತೆಗೆಯದೆ ಮಕ್ಕಳನ್ನು ಓಡಿಸುತ್ತೇವಲ್ಲ, ಅದರಿಂದ ಅವಮಾನ.

ಜಾವೆಲಿನ್ ಎಸೆತದ ವಿಷಯವಂತೂ ಹೇಳಲೇಬೇಕು. ಹೊಳೆಯಾಚೆ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಬಳಿ, ಉಕ್ಕಿನ ಕಂಪನಿಯವರು 2018ರಲ್ಲಿ ದೊಡ್ಡ ಕ್ರೀಡಾ ಸಂಸ್ಥೆ ಕಟ್ಟಿದರು. ನೀರಜ್ ಚೋಪ್ರಾ ಅಲ್ಲಿ ಅಭ್ಯಾಸ ಮಾಡಿ ಹೋದವರು. 2021ರ ಆಗಸ್ಟ್ 7ರಂದು ಟೋಕಿಯೋದಲ್ಲಿ 87.58 ಮೀಟರು ಎಸೆದು ಚಿನ್ನ ಗೆದ್ದರು. ಅದನ್ನು ಟಿ.ವಿ.ಯಲ್ಲಿ ನೋಡಿದ ನಮ್ಮ ಹುಡುಗರೆಲ್ಲ ಬಿದಿರು ಗಳು ಹಿಡಿದು ಎಸೆಯತೊಡಗಿದರು. ಸಂತೋಷವೇ. ಆದರೆ ಕೂಟದ ದಿನ ಇಕ್ಕಟ್ಟಿನ ಅಂಗಳದಲ್ಲಿ ಒಂದು ಕಡೆ ಹುಡುಗಿಯರ ಉದ್ದಜಿಗಿತ, ಇನ್ನೊಂದು ಕಡೆ ಜಾವೆಲಿನ್, ನಡುವೆ ಒಂದು ಹಗ್ಗ. ಎಸೆತದ ದಿಕ್ಕಿನಲ್ಲಿ ಮಕ್ಕಳು ಬುತ್ತಿ ಬಿಚ್ಚಿ ಕುಳಿತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ದಿನ ಏನೂ ಆಗಲಿಲ್ಲ. ಆಗದಿದ್ದುದಕ್ಕೆ ವ್ಯವಸ್ಥೆ ಕಾರಣವಲ್ಲ.

ಹಾಗಾದರೆ ಎಲ್ಲ ಕೂಟಗಳನ್ನೂ ದೊಡ್ಡ ಊರಿನ ಕ್ರೀಡಾಂಗಣದಲ್ಲೇ ನಡೆಸಬಾರದೇಕೆ ಎಂದು ಕೆಲವರು ಕೇಳುತ್ತಾರೆ. ಅಲ್ಲಿ ಜಾಗವಿದೆ, ಆಸ್ಪತ್ರೆ ಹತ್ತಿರವಿದೆ, ನೀರಿದೆ, ಹುಡುಗಿಯರಿಗೆ ಬಟ್ಟೆ ಬದಲಿಸಲು ಕೋಣೆ, ಶೌಚಾಲಯ ಇವೆ. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಜಿಲ್ಲಾಮಟ್ಟದ ಕೂಟಕ್ಕೆ ಇದು ಸರಿಯಾದ ವಾದವೇ. ಆದರೆ ಕೆಳಗಿನ ಹಂತಗಳಲ್ಲಿ, ಅಂದರೆ ಹಳ್ಳಿಯ ಮಗು ಮೊದಲ ಸಲ ಶಾಲೆಯಿಂದ ಹೊರಗೆ ಬಂದು ಓಡುವ ಹಂತದಲ್ಲಿ, ಮೈದಾನವೇ ಮಗುವಿನ ಕಡೆಗೆ ಬರಬೇಕು. ಇನ್ನೊಂದು ವಾದ ಪಾಳಿಯದು: ಈ ವರ್ಷ ಈ ಊರು, ಮುಂದಿನ ವರ್ಷ ಆ ಊರು, ಎಲ್ಲರಿಗೂ ನ್ಯಾಯ. ಪಾಳಿ ಒಳ್ಳೆಯದು. ಆದರೆ ಪಾಳಿಯ ಪಟ್ಟಿಯಲ್ಲಿ ಮೈದಾನವೇ ಇಲ್ಲದ ಶಾಲೆಯ ಹೆಸರಿದ್ದರೆ ಆ ವರ್ಷ ಮಕ್ಕಳು ರಸ್ತೆಯ ಮೇಲೆ ಓಡಬೇಕಾಗುತ್ತದೆ. ಅಳೆದು ನೋಡಿ ಯೋಗ್ಯವೆಂದು ಕಂಡ ಎರಡು ಮೂರು ಮೈದಾನಗಳ ನಡುವೆ ಪಾಳಿ ಇಡಲಿ. ಅವುಗಳಲ್ಲಿ ಒಂದಾದರೂ ಒಣಸೀಮೆಯಲ್ಲಿರಲಿ.

ಕನಕಗಿರಿ ಇದಕ್ಕೆ ಯೋಗ್ಯವಾದ ಊರು. ಇದು ನಮ್ಮ ಊರೆಂಬ ಅಭಿಮಾನದ ಮಾತಲ್ಲ. ಹುಲಿಹೈದರ, ನವಲಿ ಎರಡೂ ಕಡೆಯ ಹಳ್ಳಿಗಳಿಂದ ಬೆಳಿಗ್ಗೆ ಬಂದು ಸಂಜೆ ತಿರುಗಿ ಹೋಗಬಹುದಾದ ಸ್ಥಳ ಅದು. 2017ರ ಬಜೆಟ್ಟಿನಲ್ಲಿ ಕಾರಟಗಿ, ಕುಕನೂರುಗಳ ಜೊತೆಗೆ ಕನಕಗಿರಿಯೂ ತಾಲ್ಲೂಕೆಂದು ಘೋಷಣೆಯಾಯಿತು. ನಿಜಾಮನ ಕಾಲದಿಂದ ರಾಯಚೂರಿಗೆ ಅಲೆದ ಜನ 1997ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ಹತ್ತಿರ ಬಂತೆಂದು ಸಂತೋಷಪಟ್ಟರು. ತಾಲ್ಲೂಕಾದಾಗ ಇನ್ನೂ ಹತ್ತಿರ ಬಂತೆಂದು ಪಟಾಕಿ ಹಚ್ಚಿದರು. ಹೊಸ ತಾಲ್ಲೂಕಿಗೆ ಮೊದಲು ಫಲಕ ಬರುತ್ತದೆ, ಆಮೇಲೆ ಕಚೇರಿ, ಆಮೇಲೆ ಜೀಪು. ಮಕ್ಕಳ ಮೈದಾನದ ಸರದಿ ಯಾವಾಗಲೂ ಕಡೆಯದು. ಜಾತ್ರೆಗೆ, ಸಂತೆಗೆ, ಮಂತ್ರಿಗಳ ಸಮಾವೇಶಕ್ಕೆ ಬಯಲು ಸಿಗುವ ಊರಿನಲ್ಲಿ ಓಟದ ಪಥಕ್ಕೆ ಐದಾರು ಎಕರೆ ಸಿಗುವುದಿಲ್ಲವೆಂದರೆ ನಂಬುವುದು ಕಷ್ಟ. ಅಷ್ಟು ನೆಲವನ್ನು ತಾಲ್ಲೂಕಿನ ಹೈಸ್ಕೂಲುಗಳ ಹೆಸರಿನಲ್ಲಿ ಕಾಯಂ ಗುರುತಿಸಿ, ಗರಸು ಹಾಕಿ, ಸುತ್ತ ಬೇಲಿ ಹಾಕಿದರೆ ವರ್ಷವರ್ಷದ ಈ ಹುಡುಕಾಟವೇ ತಪ್ಪುತ್ತದೆ.

ಕಾನೂನಿನ ಒಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಆದರೆ ಆ ಕಾಯ್ದೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಕಾಲು ಉದ್ದವಾಗಿ ಓಟಕ್ಕೆ ಬಲ ಬರುವ ಒಂಬತ್ತು, ಹತ್ತನೆಯ ತರಗತಿಗೆ ಬಂದಾಗ ಮಗುವಿಗೆ ಆ ಹಕ್ಕು ಇಲ್ಲ!

ದುಡ್ಡಿಲ್ಲ ಎಂಬ ಉತ್ತರ ಬರುತ್ತದೆಂದು ಗೊತ್ತಿದೆ. ಸಂವಿಧಾನದ 371 ಜೆ ವಿಧಿ ಬಂದ ಮೇಲೆ ಈ ಭಾಗಕ್ಕೆಂದೇ 2013ರಲ್ಲಿ ಅಭಿವೃದ್ಧಿ ಮಂಡಳಿಯಾಯಿತು. 2019ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕದ ಹೆಸರೂ ಬಂತು. ಆ ಮಂಡಳಿಯ ಹಣದಲ್ಲಿ ಕಟ್ಟಡಗಳು ಏಳುತ್ತವೆ, ಏಳಲಿ. ಒಂದು ಮೈದಾನಕ್ಕೆ ಗರಸು ಹಾಕಿ ರೋಲರು ಓಡಿಸುವುದಕ್ಕೆ ಒಂದು ಕಟ್ಟಡದ ಕಾಂಪೌಂಡಿನಷ್ಟು ಹಣವೂ ಬೇಡ. ಊಟಕ್ಕಂತೂ ಹೊಸ ಹಣವೇ ಬೇಡ. ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. 2007ರಲ್ಲಿ ಅದು ಹೈಸ್ಕೂಲಿಗೂ ಬಂತು. ಕೂಟದ ದಿನವೂ ಆ ಮಗುವಿನ ಪಾಲಿನ ಅಕ್ಕಿ, ಬೇಳೆ ಅದರ ಶಾಲೆಯ ಲೆಕ್ಕದಲ್ಲಿ ಇದ್ದೇ ಇರುತ್ತದೆ. ಅದನ್ನು ಅಂದಿನ ಮಟ್ಟಿಗೆ ಕೂಟ ನಡೆಯುವ ಶಾಲೆಯ ಅಡಿಗೆಮನೆಗೆ ವರ್ಗಾಯಿಸಲು, ಹೆಚ್ಚಿನ ಕೆಲಸಕ್ಕೆ ಅಡಿಗೆಯ ಹೆಣ್ಣುಮಕ್ಕಳಿಗೆ ಒಂದು ದಿನದ ಕೂಲಿ ಸೇರಿಸಿ ಕೊಡಲು, ಒಂದು ಆದೇಶ ಸಾಕು. ಆಗ ಊಟದ ದಾನಿಯನ್ನು ಹುಡುಕುವ ಅಗತ್ಯವಿಲ್ಲ. ದಾನಿ ಇಲ್ಲದಿದ್ದರೆ ದಾನಿಯ ಊರಿಗೇ ಕೂಟ ಹೋಗಬೇಕೆಂಬ ಕಟ್ಟೂ ಇಲ್ಲ, ಅವರು ಬರುವ ತನಕ ಮಕ್ಕಳು ಬಿಸಿಲಲ್ಲಿ ನಿಲ್ಲಬೇಕೆಂಬ ನಿಯಮವೂ ಇಲ್ಲ.

ಇಲಾಖೆಯವರಲ್ಲಿ ನಮ್ಮ ಕೋರಿಕೆ ಇಷ್ಟೇ. ಜಾಗದ ತೀರ್ಮಾನವನ್ನು ಆಗಸ್ಟಿನಲ್ಲಿ ಅವಸರದಿಂದ ಮಾಡುವ ಬದಲು ಶಾಲೆ ತೆರೆಯುವ ಜೂನ್ ತಿಂಗಳಲ್ಲೇ ಮಾಡಿರಿ. ಮುಖ್ಯೋಪಾಧ್ಯಾಯರ ಜೊತೆಗೆ ಎಸ್.ಡಿ.ಎಂ.ಸಿ.ಯ ತಾಯಂದಿರನ್ನೂ, ಬಸ್ ಡಿಪೋದವರನ್ನೂ ಆ ಸಭೆಗೆ ಕರೆಯಿರಿ. ಯಾವ ಮೈದಾನ, ಎಷ್ಟು ಅಳತೆ, ಎಂಥ ಮಣ್ಣು, ಎಷ್ಟು ಶೌಚಾಲಯ, ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ಬರೆದು ಶಾಲೆಗಳ ಗೋಡೆಗೆ ಅಂಟಿಸಿರಿ. ದೂರದ ಶಾಲೆಗಳ ಮಕ್ಕಳ ಸ್ಪರ್ಧೆಗಳನ್ನು ಮಧ್ಯಾಹ್ನದೊಳಗೆ ಮುಗಿಸಿರಿ, ಭಾಷಣಗಳನ್ನು ಸಂಜೆಗೆ ಇಟ್ಟುಕೊಳ್ಳಿರಿ. ಮಾತನಾಡುವವರಿಗೆ ಕಾರಿದೆ, ಅವರಿಗೆ ಕಡೆಯ ಬಸ್ಸಿನ ಚಿಂತೆಯಿಲ್ಲ.

ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕದ ವಿಮೋಚನೆಯ ದಿನವೆಂದು ಎಲ್ಲ ತಾಲ್ಲೂಕುಗಳಲ್ಲೂ ಧ್ವಜ ಏರಿಸುತ್ತಾರೆ. ಅದಕ್ಕಾಗಿ ಮೈದಾನ ಗುಡಿಸುತ್ತಾರೆ, ನೀರು ಚಿಮುಕಿಸುತ್ತಾರೆ, ಸುಣ್ಣದ ಗೆರೆ ಎಳೆಯುತ್ತಾರೆ. ಆ ಗೆರೆಯನ್ನು ಅಳಿಸದೆ, ಅದೇ ವಾರದಲ್ಲಿ ಅದೇ ನೆಲದ ಮೇಲೆ ಮಕ್ಕಳನ್ನು ಓಡಿಸಬಹುದು. ಹಾಗೆ ಮಾಡುವುದಾದರೆ ಗೆರೆ ಎಳೆಯುವ ಮುಂಚೆ ಟೇಪು ಹಿಡಿದು ಒಮ್ಮೆ ಅಳೆಯಬೇಕಷ್ಟೆ.